ಅರಸನಿಲ್ಲದ ಚಿತ್ರದಲ್ಲಿ ಅರಸನ ಕೈ

ಸಿಂದಗಿ

ನಾನು ದೇಶ ಬಿಟ್ಟು ಹೊರಟಾಗ ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಮುಖಗಳು ಬಾಕಿ ಉಳಿದಿದ್ದವು. ಗೋಡೆಯನ್ನೇ ನುಂಗಿ ನಿಂತಂಥ ಕ್ಯಾನ್ವಾಸು. ಅದರಲ್ಲಿ ಒಂದು ಹುಣಸೆಮರ, ಮರದ ಕೆಳಗೆ ಜನ, ದೂರದಲ್ಲಿ ಕಂಪನಿ ಸರಕಾರದ ಬಿಳಿ ಡೇರೆಗಳು, ಅವುಗಳಾಚೆ ಕೃಷ್ಣೆಯ ಕಡೆಗೆ ಇಳಿದುಹೋಗುವ ಕರಿನೆಲ. ಎಲ್ಲ ಮುಗಿದಿತ್ತು. ಗಲ್ಲಿಗೆ ಹೋಗುವವನ ಮುಖ ಇರಬೇಕಾದಲ್ಲಿ ಬರಿಯ ಬಟ್ಟೆಯ ಬಿಳುಪು. ಹಗ್ಗ ಹಿಡಿದು ನಿಂತವನ ಮುಖ ಇರಬೇಕಾದಲ್ಲಿ ಇನ್ನೊಂದು ಬಿಳುಪು. ನನ್ನ ಹೆಂಡತಿ ಕಸ ಗುಡಿಸುವಾಗ ಆ ಕಡೆ ಬೆನ್ನು ಮಾಡುತ್ತಿದ್ದಳು. ಕಣ್ಣಿಲ್ಲದವರು ತನ್ನನ್ನೇ ನೋಡಿದ ಹಾಗೆ ಆಗುತ್ತದೆ ಅಂತ ಅವಳ ದೂರು.

ಮುದ್ದೇಬಿಹಾಳ ತಾಲೂಕಿನ ಸಾಲಿಗಳಲ್ಲಿ ಬಹಳ ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು ನಾನು. ನಾಲತವಾಡದ ಹಾದಿಯ ಒಂದು ಸಣ್ಣ ಊರಿನವರು ಹೊಸ ಸಮುದಾಯ ಭವನ ಕಟ್ಟಿಸಿ, ಅದರ ದೊಡ್ಡ ಗೋಡೆಗೆ ತಮ್ಮೂರ ಮಲ್ಲಣ್ಣನ ಚಿತ್ರ ಬೇಕೆಂದು ನನ್ನಲ್ಲಿಗೆ ಬಂದರು. ಮಲ್ಲಣ್ಣ ಕುರಿ ಕಾಯುವವನು. ಮನೆಯಲ್ಲಿದ್ದ ಕೊಡಲಿ ಭರ್ಚಿಯಂಥ ಆಯುಧ ತಂದು ಒಪ್ಪಿಸಿರಿ ಎಂದು ಕಂಪನಿಯವರು ಡಂಗುರ ಹೊಡೆಸಿದಾಗ ಒಪ್ಪಿಸದೆ ಎದುರು ನಿಂತನಂತೆ. ಊರ ಹುಣಸೆಮರಕ್ಕೇ ಅವನನ್ನು ಗಲ್ಲಿಗೆ ಹಾಕಿದರಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ಇದೆಲ್ಲ ಉಳಿದಿರುವುದು ಹಾಡಿನಲ್ಲಿ. ಮೊಹರಂ ಬಂದಾಗ ಹೆಜ್ಜೆ ಮೇಳದವರು ಕರ್ಬಲಾದ ರಿವಾಯತ ಪದಗಳ ಜೊತೆಗೆ ಮಲ್ಲಣ್ಣನ ಪದವನ್ನೂ ಹಾಡುತ್ತಾರೆ. ಪಕ್ಕದೂರಿನವನಾದ ನನ್ನ ಅಜ್ಜ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾ, ಆ ಮೇಳದ ಮುಂದಾಳಾಗಿದ್ದ. ನನಗೆ ಕನ್ನಡ ಬಂದದ್ದು ಪುಸ್ತಕಕ್ಕಿಂತ ಮೊದಲು ಅವನ ಗಂಟಲಿನಿಂದ.

ಆ ಹಾಡಿನಲ್ಲಿ ಹುಕುಮು ಕೊಟ್ಟ ಸಾಹೇಬನಿಗೆ ಸಿಕ್ಕಿದ್ದು ಅರ್ಧ ಸಾಲು. ಉಳಿದ ಬೈಗುಳವೆಲ್ಲ ಹಗ್ಗ ಜಗ್ಗಿದ ನಿಂಗಪ್ಪನಿಗೆ. ನಿಂಗಪ್ಪ ಅದೇ ಊರಿನವನು, ಪುಂಡಿನಾರಿನ ಹಗ್ಗ ಹೊಸೆಯುವವನು, ಮಲ್ಲಣ್ಣನ ನೆರೆಮನೆಯವನು. ಸಿಪಾಯಿಗಳು ಬಂದೂಕು ತೋರಿಸಿ ಅವನ ಕೈಯಿಂದಲೇ ಹಗ್ಗ ಜಗ್ಗಿಸಿದರು. ಅವತ್ತಿನಿಂದ ಆ ಮನೆಯವರ ಅಡ್ಡಹೆಸರೇ ಹಗ್ಗದ ಎಂದಾಯಿತು. ಊರಲ್ಲಿ ಒಂದು ಪದ್ಧತಿ ಉಂಟು. ಹಾಡಿನಲ್ಲಿ ನಿಂಗಪ್ಪನ ಮಾತು ಬಂದಾಗ ಹಗ್ಗದ ಮನೆಯವರು ಎದ್ದು ಹೋಗಬಾರದು. ಕೂತಲ್ಲೇ ಕೂತು, ಹೆಗಲ ಮೇಲಿನ ಟವೆಲನ್ನು ಮುಖದ ಮೇಲೆ ಎಳೆದುಕೊಳ್ಳಬೇಕು. ಆ ನುಡಿ ಮುಗಿದ ಮೇಲೆ ತೆಗೆಯಬೇಕು. ಯಾರು ಹೇಳಿದ್ದು, ಯಾವಾಗ ಶುರುವಾದದ್ದು, ಯಾರಿಗೂ ಗೊತ್ತಿಲ್ಲ. ಮುತ್ಯಾನ ಪಕ್ಕದಲ್ಲಿ ತಾಳ ಹಿಡಿದು ಕೂತ ಎಳೆಯ ದಿನಗಳಲ್ಲೇ ನಾನು ಆ ಟವೆಲುಗಳನ್ನು ನೋಡಿದ್ದೇನೆ. ಬಿಸಿಲಲ್ಲಿ ಬಿಳಿ ಬಟ್ಟೆಯ ಹಿಂದೆ ಉಸಿರು ಆಡುವುದು ಕಾಣುತ್ತಿತ್ತು.

ಈ ಪ್ರವಾಸದಲ್ಲಿ ನನ್ನ ಜೊತೆಗಾರ ಆ ಮನೆಯವನೇ, ಸಂಗಪ್ಪ ಹಗ್ಗದ, ನನ್ನ ಬಾಯಲ್ಲಿ ಸಂಗಣ್ಣ. ಸರಕಾರಿ ಬಸ್ಸಿನ ಕಂಡಕ್ಟರನಾಗಿ ನಿವೃತ್ತನಾದವನು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಹಾದಿಗಳಲ್ಲಿ ಅವನು ಹತ್ತಿಸಿ ಇಳಿಸದ ಮನುಷ್ಯ ಕಡಿಮೆ. ಸಾಲಿಗೆ ಹೋಗಿಬರುವ ಬಸ್ಸಿನಲ್ಲಿ ಬೆಳೆದ ಗೆಳೆತನ ನಮ್ಮದು. ಅವನ ಮಗಳು ಕಸ್ತೂರಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅಪ್ಪ ಅವ್ವ ಇಬ್ಬರೂ ಬಂದು ಹೋಗಿರಿ ಎಂದು ಹಟ ಹಿಡಿದಳು. ಸಂಗಣ್ಣನ ಹೆಂಡತಿಯೋ, ಎಮ್ಮೆ ಈಯುವ ಹೊತ್ತಿಗೆ ನಾನು ಯಾವ ಲಂಡನ್ನಿಗೂ ಬರುವುದಿಲ್ಲ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಒಬ್ಬನೇ ಹೋಗಲು ಸಂಗಣ್ಣ ಅಂಜಿದ. ನಾನು ತಡ ಮಾಡದೆ ಹೊರಟೆ. ನನಗೆ ಅಲ್ಲಿ ನೋಡಬೇಕಾದದ್ದು ಒಂದಿತ್ತು. ಡ್ರಾಯಿಂಗ್ ಕಲಿಯುವಾಗ ಒಂದು ಹರಕು ಪುಸ್ತಕದಲ್ಲಿ ಕಪ್ಪು ಬಿಳುಪಿನಲ್ಲಿ ಕಂಡಿದ್ದ ಚಿತ್ರ: ಸಾಲಾಗಿ ನಿಂತ ಸಿಪಾಯಿಗಳು, ಬೆನ್ನು ನಮ್ಮ ಕಡೆಗೆ, ಬಂದೂಕು ಆ ಕಡೆಗೆ. ಒಬ್ಬ ದೊಡ್ಡ ಚಿತ್ರಕಾರ ಇಂಥ ಸಾವನ್ನು ಹೇಗೆ ಬರೆದ ಎಂದು ಕಣ್ಣಾರೆ ನೋಡಿದರೆ ನನ್ನ ಬಿಳುಪುಗಳಿಗೆ ಏನಾದರೂ ಸಿಕ್ಕೀತು ಅನ್ನುವ ಆಸೆ.

ಮೋಡದ ಮೇಲೆ

ವಿಮಾನದ ಕಿಟಕಿಯಿಂದ ಕೆಳಗೆ ನೋಡಿದರೆ ಹಿಂಜಿದ ಹತ್ತಿ ಹರವಿದಂತೆ ಮೋಡ. ಗಾದಿ ತುಂಬುವವನು ಬಿಲ್ಲು ಬಾರಿಸುತ್ತ ಆಕಾಶದ ತುಂಬ ಓಡಾಡಿ ಹೋಗಿರಬೇಕು. ನನಗೆ ಅರೆನಿದ್ರೆ. ನಿದ್ರೆಯೊಳಗೆ ನಮ್ಮ ಬಸ್ಸು ಅದೇ ಹತ್ತಿಯ ಮೇಲೆ ಮೋರಟಗಿ ದಾಟಿ ಹೋಗುತ್ತಿತ್ತು, ಜೋಳದ ಹೊಲಗಳು ಬೆಳ್ಳಗಾಗಿದ್ದವು. ಸಂಗಣ್ಣ ಮೊಣಕೈಯಿಂದ ತಿವಿದು ಎಬ್ಬಿಸಿದ.

ವಿಮಾನದಲ್ಲಿ ಊಟ ಕೊಡುವ ಹುಡುಗಿಯರು ನಡೆದಾಡುವುದನ್ನು ಅವನು ಬಹಳ ಹೊತ್ತು ಮೆಚ್ಚಿ ನೋಡಿದ್ದ. ತುಂಬಿದ ಗಾಡಿಯಲ್ಲಿ ಏನೂ ಹಿಡಿಯದೆ ನಡೆಯುವುದು ಸಾಮಾನ್ಯವಲ್ಲ ಎಂದು ಕಸುಬಿನವನ ಹಾಗೆ ತಲೆದೂಗಿದ್ದ. ಈಗ ಅವನ ಮುಖದಲ್ಲಿ ಆ ನಗೆ ಇರಲಿಲ್ಲ.

"ಮಾಸ್ತರ್ರ, ಒಂದು ಮಾತು ಕೇಳತೇನಿ, ಸಿಟ್ಟಿಗೇಳಬ್ಯಾಡ್ರಿ" ಎಂದ. "ನಮ್ಮ ನಿಂಗಪ್ಪ ಮುತ್ಯಾನ ಆ ಚಿತ್ರದಾಗ ಹಾಕಬ್ಯಾಡ್ರಿ."

ಊರ ಹಿರಿಯರು ನನಗೆ ಹೇಳಿಹೋದದ್ದು ಇದಕ್ಕೆ ತೀರ ಉಲ್ಟಾ. ಹಗ್ಗ ಜಗ್ಗಿದವನ ಮುಖ ಎದ್ದು ಕಾಣಬೇಕು, ನೋಡಿದವರು ಕ್ಯಾಕರಿಸಬೇಕು, ಅವನಿಲ್ಲದೆ ಕಥೆ ಎಲ್ಲಿಯದು ಎಂದಿದ್ದರು.

"ಹಾಡು ಒಂದ ದಿನದ್ದರಿ. ಟವೆಲ್ ಎಳಕೊಂತೇವಿ, ಮುಗದ ಮ್ಯಾಲ ತಗೀತೇವಿ. ಚಿತ್ರ ಹಂಗಲ್ಲ, ಗ್ವಾಡಿಗೆ ಕುಂತ ಬಿಡತೈತಿ. ಮದಿವಿ ಅದ ಭವನದಾಗ, ಬಸರಿ ಹೆಣಮಕ್ಕಳ ಕುಬಸ ಅದ ಭವನದಾಗ. ದಿನಾ ಟವೆಲ್ ಹಾಕ್ಕೊಂಡು ಅಡ್ಡ್ಯಾಡೂದು ಹ್ಯಾಂಗ್ರಿ? ನಮ್ಮ ಕಸ್ತೂರಿ ಮಗನ್ನ ಕರಕೊಂಡು ಊರಿಗೆ ಬಂದ್ರ ಅವಂಗ ಏನಂತ ತೋರಸಲಿ?"

ನೋಡೋಣ ಸಂಗಣ್ಣ ಎಂದಷ್ಟೇ ಹೇಳಲಾಯಿತು ನನ್ನಿಂದ. ಅವನು ಕಿಟಕಿಯ ಕಡೆ ತಿರುಗಿದ. ಇಬ್ಬರೂ ಹತ್ತಿಯ ಮೇಲೆ ಬಹಳ ದೂರ ಹೋದೆವು.

ವಿಮಾನ ನಿಲ್ದಾಣ

ಇಳಿದಲ್ಲಿ ಒಂದು ಸಣ್ಣ ತೊಡಕಾಯಿತು. ಸಾಮಾನು ಮೂಸಿ ನೋಡುವ ನಾಯಿಯೊಂದು ಸಂಗಣ್ಣನ ಚೀಲದ ಮುಂದೆ ಬಂದು ಗಟ್ಟಿಯಾಗಿ ಕೂತುಬಿಟ್ಟಿತು. ಅವನು ಅದಕ್ಕೆ ಹಚಾ ಎಂದ. ನಾಯಿಗೆ ಕನ್ನಡ ಬರಲಿಲ್ಲ. ಅಧಿಕಾರಿಣಿ ಚೀಲ ತೆಗೆಸಿದಳು. ಕಟಿ ರೊಟ್ಟಿಯ ಕಟ್ಟು, ಇಂಡಿ ನಿಂಬೆಯ ಉಪ್ಪಿನಕಾಯಿ, ಅದರ ಬಾಟಲಿ ದಾರಿಯಲ್ಲಿ ಬಾಯಿ ಬಿಟ್ಟು ಧೋತರಕ್ಕೆಲ್ಲ ಹಳದಿ ಹಿಡಿದಿತ್ತು. ಕೊನೆಗೆ ಬಂತು ಗುರೆಳ್ಳು ಚಟ್ನಿ, ಕರಿ ಪುಡಿ, ಪಾರದರ್ಶಕ ಪಾಕೀಟಿನಲ್ಲಿ. ಅವಳ ಹುಬ್ಬು ಮೇಲೇರಿತು. ಬೆರಳಲ್ಲಿ ತಿಕ್ಕಿದಳು, ಮೂಸಿದಳು, ಇನ್ನೊಬ್ಬನನ್ನು ಕರೆದಳು. ಬಂದೂಕಿನ ಮದ್ದಿನಂತೆ ಕಂಡಿತೇನೋ. ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಗುರೆಳ್ಳಿನ ವಂಶಾವಳಿ ಹೇಳತೊಡಗಿದೆ. ಸಂಗಣ್ಣ ಅಷ್ಟು ಕಾಯುವವನಲ್ಲ. ರೊಟ್ಟಿಯೊಂದನ್ನು ಮುರಿದು ಚಟ್ನಿ ಸುರಿದುಕೊಂಡು ಅವಳ ಮುಂದೆಯೇ ಕಟಕಟ ತಿಂದ. ಇನ್ನೊಂದು ಚೂರು ಅವಳ ಕಡೆಗೂ ಚಾಚಿದ. ಅವಳು ತಿನ್ನಲಿಲ್ಲ, ಆದರೆ ನಕ್ಕಳು, ಹೋಗಿ ಎಂದಳು. ನಾಯಿ ಮಾತ್ರ ರೊಟ್ಟಿಯ ಕಡೆಗೇ ನೋಡುತ್ತ ಉಳಿಯಿತು.

ಕಸ್ತೂರಿ ಹೊರಗೆ ನಿಂತಿದ್ದಳು. ಅಪ್ಪನ ಕಾಲು ಮುಟ್ಟಿ, ನನ್ನ ಕಡೆ ತಿರುಗಿ, "ಕಾಕಾ, ನಮ್ಮಪ್ಪ ದಾರ್‍ಯಾಗ ಎಷ್ಟು ಮಂದಿಗೆ ಟಿಕೀಟ್ ಹರದಾ?" ಎಂದಳು. ಅವಳು ನನ್ನಲ್ಲಿ ಡ್ರಾಯಿಂಗ್ ಕಲಿತವಳು. ಬಣ್ಣ ಹಚ್ಚುವಾಗ ಗೆರೆಯ ಹೊರಗೆ ಎಂದೂ ಹೋಗದ ಹುಡುಗಿ ಸಮುದ್ರದ ಆಚೆ ಬಂದು ನಿಂತದ್ದನ್ನು ನೋಡಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಎರಡಂತಸ್ತಿನ ಬಸ್ಸು

ಆ ದಿನಗಳೆಲ್ಲ ನನಗೆ ಮಂಜಿನಲ್ಲಿ ನೆನೆಸಿಟ್ಟಂತೆ ನೆನಪಾಗುತ್ತವೆ. ನಮ್ಮ ಹಗಲು ಅವರ ನಸುಕು, ನಮ್ಮ ನಿದ್ದೆಯ ಹೊತ್ತಿಗೆ ಅವರ ಸಂಜೆ. ದೇಹ ಲಂಡನ್ನಿನಲ್ಲಿ ನಡೆಯುತ್ತಿದ್ದರೆ ಜೀವ ಇನ್ನೂ ಸಿಂದಗಿಯಲ್ಲಿ ಚಹಾ ಕುಡಿಯುತ್ತಿತ್ತು. ಎಲೆ ಉದುರುವ ಕಾಲ. ಹಳದಿ ಎಲೆಗಳು ಒದ್ದೆ ರಸ್ತೆಗೆ ಅಂಟಿಕೊಂಡು, ಊರಿಗೆ ಊರೇ ಯಾರೋ ತೊಳೆದು ಮುಗಿಸದೆ ಬಿಟ್ಟ ಚಿತ್ರದ ಹಾಗಿತ್ತು.

ಸಂಗಣ್ಣನ ಜೀವ ಮಾತ್ರ ಬಸ್ಸಿನಲ್ಲಿತ್ತು. ಎರಡಂತಸ್ತಿನ ಆ ಕೆಂಪು ಬಸ್ಸಿನಲ್ಲಿ ಕಂಡಕ್ಟರನೇ ಇಲ್ಲ ಎಂದು ತಿಳಿದಾಗ ಅವನಿಗೆ ಆದ ನೋವು ನೋಡಬೇಕಿತ್ತು. ಜನ ಹತ್ತುತ್ತಾರೆ, ಯಂತ್ರಕ್ಕೆ ಒಂದು ಕಾರ್ಡು ಮುಟ್ಟಿಸುತ್ತಾರೆ, ಕೂರುತ್ತಾರೆ. ಯಾರೂ ಯಾರನ್ನೂ ಎಲ್ಲಿಗೆ ಎಂದು ಕೇಳುವುದಿಲ್ಲ. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳುವವರಿಲ್ಲದ ಬಸ್ಸು ಯಾವ ಬಸ್ಸು ಎಂದ ಅವನು. ಒಬ್ಬ ಮುದುಕಿ ಹತ್ತುವಾಗ ಎದ್ದು ಹೋಗಿ ಅವಳ ರಟ್ಟೆ ಹಿಡಿದು ಕೂರಿಸಿದ. ಅವಳು ಬೆಚ್ಚಿದಳು, ಆಮೇಲೆ ಬಹಳ ಸಲ ಥ್ಯಾಂಕ್ಸ್ ಹೇಳಿದಳು. ಅವಳು ಕೂತದ್ದೇ ಸಂಗಣ್ಣನ ಬಾಯಿಂದ ತಂತಾನೇ "ರೈಟ್" ಹೊರಬಿತ್ತು, ಜೋರಾಗಿ. ಬಸ್ಸು ಸರಿಯಾಗಿ ಅದೇ ಗಳಿಗೆಗೆ ಹೊರಟಿತು. ಮೇಲಿನ ಅಂತಸ್ತಿನವರೂ ಬಗ್ಗಿ ನೋಡಿದರು. ಅವನು ಮಗಳ ಕಡೆ ನೋಡಿ ಮೀಸೆಯಲ್ಲಿ ನಕ್ಕ.

ಆ ಜನದ ಒಂದು ರೀತಿ ನನಗೆ ಬಹಳ ಹಿಡಿಸಿತು. ನೀವು ಅವರ ಕಾಲು ತುಳಿದರೂ ಕ್ಷಮೆ ಕೇಳುವವರು ಅವರೇ. ನಮ್ಮ ಬಾಗೇವಾಡಿ ಬಸ್ಸಿನಲ್ಲಿ ಕಾಲು ತುಳಿದರೆ ಮೊದಲು ನಿಮ್ಮ ಊರು ಕೇಳುತ್ತಾರೆ, ಆಮೇಲೆ ಬೈಯುತ್ತಾರೆ, ಇಳಿಯುವ ಹೊತ್ತಿಗೆ ಬೀಗರ ಪೈಕಿ ಎಂದು ಗೊತ್ತಾಗಿ ಮನೆಗೆ ಬರ್ರಿ ಎನ್ನುತ್ತಾರೆ. ಇಲ್ಲಿ ಕ್ಷಮೆ ಬೇಗ ಮುಗಿಯುತ್ತದೆ. ಅದರ ಜೊತೆಗೆ ಸಂಬಂಧವೂ.

ಚಿತ್ರಶಾಲೆ

ಕಸ್ತೂರಿಗೆ ರಜೆ ಇದ್ದ ದಿನ, ಅವಳ ಮಗನನ್ನು ಸಾಲಿಗೆ ಕಳಿಸಿ, ಮೂವರೂ ಹೋದೆವು. ಕಾರಂಜಿಗಳಿರುವ ದೊಡ್ಡ ಚೌಕ, ಕಂಚಿನ ಸಿಂಹಗಳ ನಡುವೆ ಮಂಜು ಎಳೆಎಳೆಯಾಗಿ ಓಡಾಡುತ್ತಿತ್ತು. ಒಳಗೆ ಹೋದರೆ ಕೋಣೆಯೊಳಗೆ ಕೋಣೆ. ಹೆಜ್ಜೆ ಇಟ್ಟಲ್ಲೆಲ್ಲ ಮರದ ನೆಲ ನರಳುತ್ತಿತ್ತು. ಚಿನ್ನದ ಚೌಕಟ್ಟುಗಳ ಒಳಗಿಂದ ಸತ್ತುಹೋದ ಜನ ಎಷ್ಟು ಮೆಲ್ಲಗೆ ನೋಡುತ್ತಿದ್ದರೆಂದರೆ, ನಾವೇ ಅವರ ಕನಸಿನಲ್ಲಿ ಹಾದುಹೋಗುವವರೇನೋ ಅನಿಸಿತು.

ಆ ಚಿತ್ರದ ಮುಂದೆ ಬಂದು ನಿಂತಾಗ ನನಗೆ ಮೊದಲು ಅರ್ಥವಾಗಲಿಲ್ಲ. ಗೋಡೆಯ ಮೇಲಿದ್ದುದು ಒಂದು ಚಿತ್ರವಲ್ಲ, ಚೂರುಗಳು. ಒಂದು ದೊಡ್ಡ ಬರಿಯ ಬಟ್ಟೆಯ ಮೇಲೆ ಬೇರೆ ಬೇರೆ ತುಂಡುಗಳನ್ನು ಅವು ಮೊದಲಿದ್ದ ಜಾಗಕ್ಕೇ ಕೂರಿಸಿದ್ದರು. ನಡುನಡುವೆ ಖಾಲಿ. ನನಗೆ ನಮ್ಮ ಆಯಿ, ಮುತ್ಯಾನ ಹೆಂಡತಿ, ನೆನಪಾದಳು. ಹಳೆ ಸೀರೆ, ಹಳೆ ಅಂಗಿ, ಸತ್ತವರ ಧೋತರ, ಎಲ್ಲ ಸೇರಿಸಿ ಅವಳು ಕೌದಿ ಹೊಲಿಯುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುವಳು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎನ್ನುವಳು. ಇಲ್ಲಿ ನಮ್ಮೆದುರು ಇದ್ದುದು ಹಸಿದ ಕೌದಿ.

ಹಳೆಯ ಪುಸ್ತಕದಲ್ಲಿ ಓದಿದ್ದನ್ನು ಸಂಗಣ್ಣನಿಗೆ ಹೇಳಿದೆ. ಫ್ರಾನ್ಸಿನ ದೊರೆ ದೂರದ ಮೆಕ್ಸಿಕೋ ದೇಶಕ್ಕೆ ತನ್ನ ಸೈನ್ಯ ಕಳಿಸಿ, ಬೇರೆ ದೇಶದ ಒಬ್ಬ ರಾಜಕುಮಾರನನ್ನು ಅಲ್ಲಿ ಅರಸನನ್ನಾಗಿ ಕೂರಿಸಿದ. ಕಷ್ಟ ಬಂದಾಗ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡ. ಆ ದೇಶದವರು ಒಂಟಿ ಅರಸನನ್ನು ಹಿಡಿದು, ಅವನ ಇಬ್ಬರು ಸೇನಾಪತಿಗಳ ಜೊತೆ ನಿಲ್ಲಿಸಿ ಗುಂಡು ಹೊಡೆದರು. ಇತ್ತ ಪ್ಯಾರಿಸಿನಲ್ಲಿ ಒಬ್ಬ ಚಿತ್ರಕಾರ ಪತ್ರಿಕೆಯಲ್ಲಿ ಆ ಸುದ್ದಿ ಓದಿ ಕುಂಚ ಹಿಡಿದ. ಹೊಸ ರೀತಿಯವನು, ದೇವರು ದಿಂಡರು ಬಿಟ್ಟು ಬೀದಿಯ ಜನರನ್ನು ಬರೆಯುತ್ತಿದ್ದವನು. ಒಂದು ಸಲ ಬರೆದು ಬಿಡಲಿಲ್ಲ, ಮತ್ತೆ ಮತ್ತೆ ಬರೆದ. ಮೊದಲು ಸಿಪಾಯಿಗಳಿಗೆ ಆ ದೇಶದ ಅಗಲ ಟೊಪ್ಪಿಗೆ ಹಾಕಿದ್ದ. ಸುದ್ದಿ ತಿಳಿಯಾಗುತ್ತ ಬಂದಹಾಗೆ ಟೊಪ್ಪಿಗೆ ಅಳಿಸಿ, ತನ್ನ ಸ್ವಂತ ದೇಶದ ಸಿಪಾಯಿಗಳನ್ನು ಹೋಲುವ ಉಡುಪು ತೊಡಿಸಿದ. ಗುಂಡು ಯಾರದೋ ಬಂದೂಕಿನದು, ಕೊಂದವರು ನಾವು ಎಂದು ಅದರ ಅರ್ಥ. ಅವನ ದೇಶದಲ್ಲಿ ಆಗ ಇದನ್ನು ತೋರಿಸಲು ಬಿಡಲಿಲ್ಲ.

ಹತ್ತಿರ ಹೋಗಿ ನೋಡಿದೆ. ಸಿಪಾಯಿಗಳ ಬೆನ್ನು, ಬಿಳಿ ಸೊಂಟಪಟ್ಟಿ, ಕಾಲಿಗೆ ಬಿಳಿ ಬಟ್ಟೆ, ಎಷ್ಟು ಚೊಕ್ಕಟ! ಹಬ್ಬಕ್ಕೆ ನಿಂತವರ ಹಾಗೆ. ಬಲಗಡೆ ಒಬ್ಬ ಗುಂಪಿನಿಂದ ಹೊರಗೆ ನಿಂತು ತನ್ನ ಬಂದೂಕು ಸಜ್ಜು ಮಾಡಿಕೊಳ್ಳುತ್ತಿದ್ದಾನೆ, ಕೊನೆಯ ಗುಂಡು ಅವನದು. ಅವನು ಅತ್ತ ನೋಡುವುದೂ ಇಲ್ಲ. ಕೈಗಡಿಯಾರಕ್ಕೆ ಕೀಲಿ ಕೊಡುವವನ ಹಾಗೆ ತನ್ನ ಕೆಲಸದಲ್ಲಿದ್ದಾನೆ. ಚಿತ್ರಕಾರ ಅಳಲಿಲ್ಲ, ರಕ್ತ ಬರೆಯಲಿಲ್ಲ, ಕೂಗಲಿಲ್ಲ. ಹಿಂದೆ ಮಸುಕು ನೀಲಿ ಬಯಲು, ಮೆಲ್ಲನೆಯ ಬೆಳಕು. ನಾಲತವಾಡದ ಆಚೆ ನದಿಯ ಕಡೆ ನೋಡಿದರೆ ಚಳಿಗಾಲದ ಬೆಳಗಿನಲ್ಲಿ ಅದೇ ನೀಲಿ.

ತಿರುಗಿ ನೋಡಿದೆ. ಸಂಗಣ್ಣ ಚಿತ್ರದ ಮುಂದೆ ನೆಟ್ಟಗೆ ನಿಂತಿದ್ದ. ಮಗಳು ಚಳಿಗೆಂದು ಕೊಟ್ಟಿದ್ದ ಉಣ್ಣೆಯ ಮಫ್ಲರನ್ನು ಯಾವಾಗ ಎಳೆದುಕೊಂಡನೋ, ಮುಖದ ಮೇಲಿತ್ತು. ಕಸ್ತೂರಿಯೂ ಅದನ್ನು ಕಂಡಳು. ಆ ಮನೆಯಲ್ಲಿ ಹುಟ್ಟಿದವಳಿಗೆ ಬಿಡಿಸಿ ಹೇಳುವುದು ಏನಿತ್ತು. ಅವಳು ಅಪ್ಪನ ಹತ್ತಿರ ಹೋಗಿ ಪಕ್ಕದಲ್ಲಿ ನಿಂತಳು.

ಮಫ್ಲರಿನ ಒಳಗಿಂದ ಮಾತು ಬಂತು. "ಮಾಸ್ತರ್ರ, ಸತ್ತಾವ ಎಲ್ಲಿ?"

ನಾನೂ ಆಗಲೇ ಗಮನಿಸಿದ್ದು. ಅರಸ ಇರಬೇಕಾದಲ್ಲಿ ಖಾಲಿ ಬಟ್ಟೆ. ಎಡಗಡೆ ಒಬ್ಬ ಸೇನಾಪತಿ ಮಾತ್ರ ಇದ್ದಾನೆ.

"ಹೊಡದಾವ್ರು ಅಷ್ಟೂ ಮಂದಿ ಉಳದಾರ" ಎಂದ ಸಂಗಣ್ಣ. "ಸತ್ತಾವ ಹೋಗಿಬಿಟ್ಟಾನ. ನಮ್ಮ ಮನ್ಯಾಗೂ ಜಗ್ಗಿದಾವನ ಹೆಸರ ಹಿಂಗ ಉಳದೈತಿ ನೋಡ್ರಿ."

ಕೋಣೆಯ ಮೂಲೆಯ ಕುರ್ಚಿಯಲ್ಲಿ ಕಾವಲಿಗೆ ಕೂತಿದ್ದ ಬೂದುಗೂದಲಿನ ಹೆಣ್ಣುಮಗಳು ನಮ್ಮನ್ನೇ ನೋಡುತ್ತಿದ್ದಳು. ಮುಖ ಮುಚ್ಚಿ ನಿಂತವನಿಗೆ ಮೈ ಸರಿಯಿಲ್ಲವೆಂದು ತಿಳಿದಳೇನೋ, ತನ್ನ ಕುರ್ಚಿಯನ್ನೇ ಎತ್ತಿ ತಂದು ಕೊಟ್ಟಳು. ಅವನು ಕೂರಲಿಲ್ಲ. ಅವಳು ಕಸ್ತೂರಿಯೊಂದಿಗೆ ಮೆಲ್ಲನೆ ಮಾತಾಡಿದಳು, ಕಸ್ತೂರಿ ನಮಗೆ ತಿರುಗಿಸಿ ಹೇಳಿದಳು. ಎಡಗಡೆಯ ಭಾಗವನ್ನು ಚಿತ್ರಕಾರನೇ ಕೊಯ್ದಿರಬಹುದಂತೆ. ಅವನು ಸತ್ತ ಮೇಲೆ ಮನೆಯವರು ಉಳಿದದ್ದನ್ನೂ ತುಂಡು ಮಾಡಿ, ಒಂದೊಂದನ್ನು ಒಂದೊಂದು ಕಡೆ ಮಾರಿದರಂತೆ. ಅವನ ಗೆಳೆಯ, ಅವನೂ ಚಿತ್ರಕಾರನೇ, ಅಲ್ಲಿ ಇಲ್ಲಿ ಹುಡುಕಿ ಚೂರುಗಳನ್ನು ಕೂಡಿಸಿ ಒಂದೇ ಬಟ್ಟೆಯ ಮೇಲೆ ತಂದನಂತೆ. ಅರಸನ ಚೂರು ಮಾತ್ರ ಸಿಗಲೇ ಇಲ್ಲ.

ಆಮೇಲೆ ಆಕೆ ಚಿತ್ರದ ಹತ್ತಿರ ಬಂದು, ಮುಟ್ಟದೆ, ಗಾಳಿಯಲ್ಲಿ ಬೆರಳು ತೋರಿಸಿದಳು. ಸೇನಾಪತಿಯ ಕೈಯ ಹತ್ತಿರ. ನೋಡಿದರೆ ಅವನ ಕೈಯೊಳಗೆ ಇನ್ನೊಂದು ಕೈ ಇತ್ತು. ಬಟ್ಟೆ ಕೊಯ್ದ ಅಂಚಿನ ಆಚೆಗೆ ತೋಳಿಲ್ಲ, ಎದೆಯಿಲ್ಲ, ಮುಖವಿಲ್ಲ.

"ಅಪ್ಪಾ, ಅದು ರಾಜಾನ ಕೈಯಂತ" ಎಂದಳು ಕಸ್ತೂರಿ. "ಗುಂಡು ಹಾರೂ ಹೊತ್ತಿನ್ಯಾಗ ಪಕ್ಕದಾವನ ಕೈ ಹಿಡದಿದ್ನಂತ. ಅಷ್ಟ ಉಳದೈತಂತ."

ಸಂಗಣ್ಣ ಬಗ್ಗಿದ. ಚೆನ್ನಾಗಿ ಕಾಣಲಿ ಎಂದು ಮಫ್ಲರು ತೆಗೆದ. ಆ ಕೈಯನ್ನು ಎಷ್ಟು ಹೊತ್ತು ನೋಡಿದನೆಂದರೆ, ಹಿಂದೆ ಬಂದ ಜನ ಕ್ಷಮೆ ಕೇಳಿ ಕೇಳಿ ಹಾದುಹೋದರು.

ನದಿಯ ದಂಡೆ

ಹೊರಗೆ ಬಂದು ನದಿಯ ದಂಡೆಯ ಬೆಂಚಿನಲ್ಲಿ ಕೂತೆವು. ಕಸ್ತೂರಿ ಚಹಾ ತರಲು ಹೋಗಿದ್ದಳು. ನೀರು ಕಂದು, ಆಕಾಶ ಕಂದು, ನಡುವಿನ ಸೇತುವೆ ತೇಲಿಕೊಂಡು ಹೊರಟಂತಿತ್ತು. ನಾರಾಯಣಪುರದ ಹಿನ್ನೀರಿನ ದಂಡೆಯಲ್ಲಿ ಕೂತಿದ್ದೇವೆ, ಎದ್ದರೆ ಮುದ್ದೇಬಿಹಾಳದ ಕೊನೆಯ ಬಸ್ಸು ಸಿಗುತ್ತದೆ ಎಂದು ನನಗೆ ಖಾತ್ರಿಯಾಗಿತ್ತು.

"ನಮ್ಮ ಮನ್ಯಾಗ ಒಂದು ಮಾತು ಐತ್ರಿ" ಎಂದ ಸಂಗಣ್ಣ. "ಹೊರಗ ಯಾರಿಗೂ ಹೇಳಿಲ್ಲ. ಹೇಳಿದ್ರ, ನೋಡ್ರಪಾ ತಮ್ಮ ತಪ್ಪಿಗೆ ತೇಪೆ ಹಚ್ಚಾಕತ್ತಾರ ಅಂತಿದ್ರು."

ಆ ಮಾತು ಇಷ್ಟು. ಸಿಪಾಯಿಗಳು ಮಲ್ಲಣ್ಣನನ್ನು ಮರದ ಕೆಳಗೆ ತಂದಾಗ ಹಗ್ಗಕ್ಕಾಗಿ ನಿಂಗಪ್ಪನ ಮನೆ ಹೊಕ್ಕರು. ಹಗ್ಗದ ಜೊತೆ ಅವನನ್ನೂ ಎಳೆದು ತಂದರು. ಅವನು ಜಗ್ಗುವುದಿಲ್ಲ ಎಂದು ನೆಲಕ್ಕೆ ಬಿದ್ದುಕೊಂಡ. ಬಂದೂಕಿನ ಹಿಂಬದಿಯಿಂದ ಹೊಡೆದರು, ಏಳಲಿಲ್ಲ. ಆಗ ಮಲ್ಲಣ್ಣನೇ ಕಟ್ಟಿದ ಕೈಗಳನ್ನು ಚಾಚಿ ಅವನ ಕೈ ಹಿಡಿದನಂತೆ.

"'ನೀ ಹೊಸೆದ ಹಗ್ಗ, ನೀನ ಜಗ್ಗೋ ನಿಂಗ್ಯಾ. ಈ ಮಕ್ಕಳ ಕೈಯಾಗ ಒದ್ದಾಡಿ ಸಾಯೂದು ನಂಗ ಬ್ಯಾಡ' ಅಂದ್ನಂತ್ರಿ." ಸಂಗಣ್ಣ ತನ್ನ ಅಂಗೈ ನೋಡಿಕೊಂಡ. "ನಮ್ಮಪ್ಪ ಸಾಯೂ ಮುಂದ ನನ್ನ ಕೈ ಹಿಡದು ಇದನ್ನ ಹೇಳಿದ. ನಿಂಗಪ್ಪ ಮುತ್ಯಾ ಆಮ್ಯಾಲೆ ಹಗ್ಗ ಹೊಸೀಲೇ ಇಲ್ಲಂತ. ಹೆಸರು ಮಾತ್ರ ಹಗ್ಗದ ಅಂತ ಉಳೀತು."

ಇದು ನಿಜವೋ, ಅವಮಾನ ಹೊತ್ತ ಮನೆಯೊಂದು ಬದುಕಿ ಉಳಿಯಲು ಕಟ್ಟಿಕೊಂಡ ಮಾತೋ, ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿಯದು. ಆದರೆ ಊರವರ ಹಾಡೂ ಒಂದು ಕಡೆಯ ಮಾತೇ ಅಲ್ಲವೇ? ಕೊಯ್ದು ಹೋದ ಚೂರು ಯಾರ ಮನೆಯಲ್ಲಿ ಇರುತ್ತದೋ ಯಾರಿಗೆ ಗೊತ್ತು.

ನಿಂಗಪ್ಪನನ್ನು ಚಿತ್ರದಿಂದ ಬಿಟ್ಟುಬಿಡುತ್ತೇನೆ ಎಂದು ಅವನಿಗೆ ಹೇಳಿದೆ, ಇಲ್ಲವೇ ಆ ಸಿಪಾಯಿಗಳ ಹಾಗೆ ಬೆನ್ನು ತಿರುಗಿಸಿ ನಿಲ್ಲಿಸುತ್ತೇನೆ, ಮುಖದ ಗೊಡವೆಯೇ ಬೇಡ.

ಸಂಗಣ್ಣ ನೀರು ನೋಡುತ್ತಲೇ ಇದ್ದ. "ಬ್ಯಾಡ್ರಿ. ಬೆನ್ನು ತಿರುವಿದ್ರ ಅದೂ ಒಂದು ಟವೆಲ್ಲ. ಮುಖ ಬರೀರಿ. ನನ್ನ ನೋಡಿ ಬರೀರಿ. ಆದ್ರ ಆ ಕೈ ಬರೀರಿ. ಮಲ್ಲಣ್ಣನ ಕೈ, ನಮ್ಮ ಮುತ್ಯಾನ ಕೈಯಾಗ."

ಅವನದೇ ಮನೆಯ ಮಾತು ನಂಬಿ ನಾನು ಮಲ್ಲಣ್ಣನ ಕೈ ಬರೆಯುವುದು ಸರಿಯಲ್ಲ, ಅದಕ್ಕೆ ಮಲ್ಲಣ್ಣನ ಮನೆಯವರ ಒಪ್ಪಿಗೆ ಬೇಕು ಎಂದೆ. ಅವನ ಮುಖ ಸಣ್ಣದಾಯಿತು. ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಆದರೆ ಒಬ್ಬರ ಅಂಗಳವನ್ನು ಒಬ್ಬರು ತುಳಿದು ಎಷ್ಟು ತಲೆಮಾರು ಆಗಿತ್ತೋ. ಕಸ್ತೂರಿ ಚಹಾ ತಂದಳು. ಅದರಲ್ಲಿ ಶುಂಠಿಯೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಬಿಸಿ ಇತ್ತು, ಕುಡಿದೆವು.

ಮರಳಿ

ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ನಾನೂ ಸಂಗಣ್ಣನೂ ನೀಲವ್ವನ ಬಾಗಿಲಿಗೆ ಹೋದೆವು. ಮಲ್ಲಣ್ಣನ ಮನೆಗೆ ಈಗ ಅವಳೇ ಹಿರಿಯಳು. ಕಣ್ಣು ಮಂದ, ಕಿವಿ ಚುರುಕು. ಸಂಗಣ್ಣ ಹೊಸ್ತಿಲ ಹೊರಗೇ ನಿಂತ. ನಾನು ಲಂಡನ್ನಿನ ಚಿತ್ರದ ಕಥೆ ಹೇಳಿದೆ, ಅರಸನ ಕೈಯ ಕಥೆ ಹೇಳಿದೆ. ಆಮೇಲೆ ಸಂಗಣ್ಣ ತನ್ನ ಮನೆಯ ಮಾತನ್ನು ತಾನೇ ಹೇಳಿದ, ತಲೆ ತಗ್ಗಿಸಿ, ಟಿಕೀಟು ಹರಿಯುವಾಗಿನ ಅವನ ದನಿಯ ಕಾಲುಭಾಗವೂ ಇಲ್ಲದೆ.

ನೀಲವ್ವ ಬಹಳ ಹೊತ್ತು ಎಲೆ ಅಡಿಕೆ ಕುಟ್ಟಿದಳು. ಆಮೇಲೆ ಕುಟ್ಟುವುದು ನಿಂತಿತು.

"ಖರೇ ಅನ್ನಾಕ ನಾ ಏನ್ ಅಲ್ಲಿದ್ದೆನೇನೋ?" ಎಂದಳು. "ಆದ್ರ ನಮ್ಮ ಮುತ್ಯಾ ನಿಮ್ಮ ಮುತ್ಯಾನ ಕೈಯಾಗ ಸತ್ತ, ಅಷ್ಟು ಖರೇ. ಅಂದ ಮ್ಯಾಲ ಕೈ ಇತ್ತಲ್ಲ. ಒಳಗ ಬಾ. ತಾ ಕೈ."

ಆ ಪ್ಯಾರಿಸಿನ ಚಿತ್ರಕಾರ ನಿಜವಾದ ಸಿಪಾಯಿಗಳನ್ನು ಕರೆಸಿ ಎದುರು ನಿಲ್ಲಿಸಿಕೊಂಡು ಬರೆದಿದ್ದನೆಂದು ಓದಿದ್ದೆ. ನಾನೂ ಹಾಗೇ ಮಾಡಿದೆ. ಆ ಪಡಸಾಲೆಯ ಬೆಳಕಿನಲ್ಲಿ ನೀಲವ್ವನ ಕೈಯನ್ನು ಸಂಗಣ್ಣನ ಕೈಯೊಳಗೆ ಇರಿಸಿ ಬರೆದುಕೊಂಡೆ. ಆಕೆಯ ಬೆರಳುಗಳಲ್ಲಿ ಸುಣ್ಣ ಇತ್ತು, ಅದನ್ನೂ ಬರೆದೆ. ಸಂಗಣ್ಣ ಇನ್ನೊಂದು ಕೈಯಿಂದ ಹೆಗಲ ಟವೆಲು ಸರಿಪಡಿಸಿಕೊಳ್ಳಲು ಹೋದ. ಅಲುಗಾಡಬ್ಯಾಡಲೇ, ಮಾಸ್ತರಗ ಕೆಡತೈತಿ ಎಂದು ಆಕೆ ಗದರಿದಳು.

ಸಿಂದಗಿಗೆ ಬಂದು ಚಿತ್ರ ಮುಗಿಸಿದೆ. ಡೇರೆಯ ಮುಂದೆ ಕುರ್ಚಿ ಹಾಕಿ ಸಾಹೇಬನನ್ನು ಕೂರಿಸಿದೆ, ಪೂರಾ ಮುಖದೊಡನೆ. ಅವನು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದಾನೆ, ಮರದ ಕಡೆ ನೋಡುತ್ತಿಲ್ಲ. ನಿಂಗಪ್ಪನಿಗೆ ಸಂಗಣ್ಣನ ಮುಖ. ಮಲ್ಲಣ್ಣನ ಬಿಳುಪಿನ ಮೇಲೆ ಹುಣಸೆಯ ಒಂದು ಟೊಂಗೆ ಇಳಿಬಿಟ್ಟೆ, ಎಲೆಗಳ ನೆರಳಲ್ಲಿ ಮುಖ ಕಾಣುವುದಿಲ್ಲ. ನೆರಳಿನಿಂದ ಒಂದು ಕೈ ಹೊರಬಂದಿದೆ. ನನ್ನ ಹೆಂಡತಿ ಪೊರಕೆ ಹಿಡಿದುಕೊಂಡೇ ಬಂದು ಅದರ ಮುಂದೆ ನಿಂತಳು. ಆ ದಿನದಿಂದ ಬೆನ್ನು ಮಾಡದೆ ಗುಡಿಸಿದಳು.

ಊರ ಹಿರಿಯರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಮಲ್ಲಣ್ಣನ ಮುಖ ಎಲ್ಲಿ ಎಂದರು. ನಿಮ್ಮಲ್ಲಿ ಯಾರು ನೋಡಿದ್ದೀರಿ ಅವನ ಮುಖ, ಹೇಳಿ ಬರೆಸಿರಿ ಎಂದಳು ನೀಲವ್ವ. ಚಿತ್ರ ಗೋಡೆಗೇರಿತು.

ಮುಂದಿನ ವರ್ಷದ ಮೊಹರಂ ಕೊನೆಯ ದಿನ, ಮಧ್ಯಾಹ್ನ, ಹೆಜ್ಜೆ ಮೇಳ ಭವನದ ಮುಂದೆಯೇ ನಿಂತಿತು. ಕರ್ಬಲಾದ ಪದ ಮುಗಿದು ಮಲ್ಲಣ್ಣನ ಪದ ಬಂತು. ತೆರೆದ ಬಾಗಿಲಿನಿಂದ ಚಿತ್ರ ಕಾಣುತ್ತಿತ್ತು. ಹಾಡು ಮೆಲ್ಲಮೆಲ್ಲಗೆ ಹುಣಸೆಮರದ ಹತ್ತಿರ ಬಂತು, ಸಿಪಾಯಿಗಳು ಬಂದರು, ನಿಂಗಪ್ಪನ ಹೆಸರು ಬಂತು. ಮೇಳದವರ ಕಣ್ಣು ತಾವಾಗಿ ಮೆಟ್ಟಿಲ ಹತ್ತಿರ ಕೂತ ಸಂಗಣ್ಣನ ಕಡೆ ಹೋದವು. ನನ್ನವೂ ಹೋದವು. ಸಂಗಣ್ಣನ ಕೈ ಹೆಗಲ ಮೇಲಿನ ಟವೆಲಿಗೆ ಹೋಯಿತು. ಎಷ್ಟೋ ತಲೆಮಾರಿನ ರೂಢಿ, ಅದು ಹೋಗಲೇಬೇಕು. ಟವೆಲು ಹೆಗಲಿನಿಂದ ಇಳಿಯಿತು.

ಸಂಗಣ್ಣ ಅದನ್ನು ಒಮ್ಮೆ ಝಾಡಿಸಿದ, ನಾಲ್ಕು ಮಡಿಕೆ ಮಾಡಿದ. ಹಾಡು ಕೇಳುತ್ತ ಬಿಸಿಲಲ್ಲಿ ನಿಂತಿದ್ದ ನೀಲವ್ವನ ಮುಂದೆ ಕಲ್ಲಿನ ಮೆಟ್ಟಿಲ ಮೇಲೆ ಹಾಸಿದ.

"ಕೂಡ್ರಬೇ" ಎಂದ, "ಕಲ್ಲು ಕಾದೈತಿ."

ಆಕೆ ತಡಕಾಡಿ ಅವನ ಹೆಗಲು ಹಿಡಿದು ಕೂತಳು. ಮೇಳದವರು ಒಂದು ಗಳಿಗೆ ಹೆಜ್ಜೆ ತಪ್ಪಿ, ಮತ್ತೆ ಹಿಡಿದರು.